ಬಣ್ಣದ ಎಲ್‌ಇಡಿಗಳನ್ನು ಪ್ರೋಗ್ರಾಮ್‌ನಲ್ಲೇ ಡಿಮ್ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಗಣೇಶನ ಹಬ್ಬಕ್ಕೆ ಇನ್ನೊಂದು ತಿಂಗಳಿದೆ ಅನ್ನುವಾಗ ದಾವಣಗೆರೆಯಲ್ಲಿ ಈ ಪ್ರಶ್ನೆಗಳು ಶುರುವಾಗುತ್ತವೆ, ರಾಜ್ಯೋತ್ಸವ ಮುಗಿಯುವವರೆಗೂ ನಿಲ್ಲುವುದಿಲ್ಲ. ದುಗ್ಗಮ್ಮನ ಜಾತ್ರೆ ಬಂದ ವರ್ಷ ಮತ್ತೊಂದು ಸುತ್ತು. ಕೇಳುವವರು ಎರಡು ಥರ. ಮಂಟಪದ ಕಮಾನಿನ ಮೇಲೆ ಬಣ್ಣ ಕುಣಿಯಬೇಕು ಅನ್ನುವ ಓಣಿಯ ಹುಡುಗರು ಒಂದು ಕಡೆ, ಪ್ರಾಜೆಕ್ಟ್ ತೋರಿಸುವ ದಿನ ಹತ್ತಿರ ಬಂದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇನ್ನೊಂದು ಕಡೆ. ಇಬ್ಬರಿಗೂ ಆಗುವಂತೆ ಒಂದೇ ಕಡೆ ಬರೆದಿಟ್ಟಿದ್ದೇನೆ.

ಲೆಕ್ಕಗಳಿಗೆಲ್ಲ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ: 16 ಮೆಗಾಹರ್ಟ್ಜ್‌ನಲ್ಲಿ ಓಡುವ ಎಟಿಮೆಗಾ328ಪಿ ಚಿಪ್‌ನ ಆರ್ಡುಯಿನೊ ಊನೊ ಬೋರ್ಡ್ (ನಾವು ಬರೆದ ಪ್ರೋಗ್ರಾಮ್ ಓಡಿಸುವ ಪುಟ್ಟ ಕಂಪ್ಯೂಟರ್), ಅದಕ್ಕೆ 16 ಆರ್‌ಜಿಬಿ ಎಲ್‌ಇಡಿ. ಒಂದೊಂದರಲ್ಲಿ ಕೆಂಪು, ಹಸಿರು, ನೀಲಿ ಇರುವುದರಿಂದ ಒಟ್ಟು 48 ಚಾನೆಲ್. ನಿಮ್ಮ ಬಳಿ ಬೇರೆ ಬೋರ್ಡ್ ಇದ್ದರೆ ಸಂಖ್ಯೆ ಬದಲಾಗುತ್ತದೆ, ವಿಚಾರ ಬದಲಾಗುವುದಿಲ್ಲ.

ಡಿಮ್ ಮಾಡಬೇಕಾದರೆ ವೋಲ್ಟೇಜ್ ಇಳಿಸಿದರೆ ಸಾಲದಾ? ಇಷ್ಟೆಲ್ಲ ಯಾಕೆ?

ಹಳೇ ಬಲ್ಬಿಗೆ ಸಾಲುತ್ತಿತ್ತು. ಎಲ್‌ಇಡಿಗೆ ವೋಲ್ಟೇಜ್ ಸ್ವಲ್ಪ ಇಳಿಸಿದರೆ ಕರೆಂಟ್ ವಿಪರೀತ ಇಳಿಯುತ್ತದೆ, ಇನ್ನೂ ಸ್ವಲ್ಪ ಇಳಿಸಿದರೆ ಪೂರ್ತಿ ಆರಿಯೇ ಹೋಗುತ್ತದೆ. ಒಂದೇ ಪ್ಯಾಕೆಟ್‌ನ ಎರಡು ಎಲ್‌ಇಡಿ ಕೂಡ ಕಡಿಮೆ ಕರೆಂಟಿನಲ್ಲಿ ಒಂದೇ ಥರ ಉರಿಯುವುದಿಲ್ಲ. ಹಸಿರು ಮತ್ತು ನೀಲಿ ಎಲ್‌ಇಡಿಗಳಲ್ಲಿ ಕರೆಂಟ್ ಬದಲಾದರೆ ಬಣ್ಣವೇ ಒಂಚೂರು ಸರಿಯುತ್ತದೆ. ಆದ್ದರಿಂದ ಕರೆಂಟ್ ಮುಟ್ಟದೆ, ಎಲ್‌ಇಡಿಯನ್ನು ಸೆಕೆಂಡಿಗೆ ನೂರು ಸಲ ಹಚ್ಚಿ ಆರಿಸುತ್ತೇವೆ. ಹತ್ತಿರುವ ಹೊತ್ತು ಜಾಸ್ತಿಯಾದರೆ ಬೆಳಕು ಜಾಸ್ತಿ. ಪಿಡಬ್ಲ್ಯೂಎಂ ಎಂದರೆ ಇಷ್ಟೇ.

ಊನೊದಲ್ಲಿ ಪಿಡಬ್ಲ್ಯೂಎಂ ಪಿನ್ ಆರೇ ಇವೆ. ಎರಡು ಎಲ್‌ಇಡಿಗೇ ಮುಗೀತು. ಮುಂದೆ?

3, 5, 6, 9, 10, 11. ಈ ಆರು ಪಿನ್‌ಗಳಿಗೆ ಮಾತ್ರ ಚಿಪ್‌ನ ಒಳಗೆ ಟೈಮರ್‌ನ ಬೆಂಬಲವಿದೆ. ಉಳಿದದ್ದಕ್ಕೆ ಹಚ್ಚಿ ಆರಿಸುವ ಕೆಲಸವನ್ನು ಪ್ರೋಗ್ರಾಮ್‌ನಲ್ಲಿ ನಾವೇ ಮಾಡಬೇಕು. 48 ಚಾನೆಲ್‌ಗೆ ಪಿನ್ ಕೂಡ ಸಾಲುವುದಿಲ್ಲವಾದ್ದರಿಂದ 74ಎಚ್‌ಸಿ595 ಎಂಬ ಶಿಫ್ಟ್ ರಿಜಿಸ್ಟರ್‌ಗಳನ್ನು ಸಾಲಾಗಿ ಜೋಡಿಸುತ್ತೇವೆ. ಒಂದರಲ್ಲಿ 8 ಔಟ್‌ಪುಟ್, ಆರು ಚಿಪ್‌ಗೆ 48. ಊನೊದಿಂದ ಹೊರಡುವುದು ಮೂರೇ ತಂತಿ: ಡೇಟಾ, ಕ್ಲಾಕ್, ಲ್ಯಾಚ್. ಡೇಟಾ ಒಂದೊಂದೇ ಬಿಟ್ ಆಗಿ ಒಳಗೆ ಸರಿಯುತ್ತದೆ, ಲ್ಯಾಚ್ ಕೊಟ್ಟಾಗ 48 ಔಟ್‌ಪುಟ್‌ಗಳೂ ಒಟ್ಟಿಗೆ ಬದಲಾಗುತ್ತವೆ.

ಅಣ್ಣಾ, ಲೂಪ್‌ನಲ್ಲಿ ಡಿಜಿಟಲ್‌ರೈಟ್ ಹಾಕಿ ತಿರುಗಿಸಿದ್ರೆ ಎಲ್ಲಾ ಪಟಪಟ ಅಂತ ಮಿಣುಕ್ತಾವೆ. ಯಾಕೆ?

ಹೊತ್ತು ಸಾಲುವುದಿಲ್ಲ, ಅದಕ್ಕೆ. ಲೆಕ್ಕ ಹಾಕಿ ನೋಡಿ. ಒಮ್ಮೆ ಹಚ್ಚಿ ಆರಿಸಿದರೆ ಒಂದು ಸುತ್ತು. ಸೆಕೆಂಡಿಗೆ 100 ಸುತ್ತು, ಬೆಳಕನ್ನು 0ಯಿಂದ 255ರವರೆಗೆ ಅಳೆಯಲು ಒಂದು ಸುತ್ತಿನಲ್ಲಿ 256 ಮೆಟ್ಟಿಲು. ಅಂದರೆ ಸೆಕೆಂಡಿಗೆ 25,600 ಸಲ ಎಲ್ಲ ಚಾನೆಲ್‌ಗಳನ್ನೂ ನೋಡಬೇಕು, ಒಂದೊಂದು ಸಲಕ್ಕೆ ಸಿಗುವುದು 39 ಮೈಕ್ರೋಸೆಕೆಂಡ್. ಪಿನ್ ಹಚ್ಚುವ, ಆರಿಸುವ ಆದೇಶವಾದ ಡಿಜಿಟಲ್‌ರೈಟ್ ಒಂದಕ್ಕೇ ಊನೊದಲ್ಲಿ ಮೂರರಿಂದ ಐದು ಮೈಕ್ರೋಸೆಕೆಂಡ್ ಹೋಗುತ್ತದೆ. ಹತ್ತು ಚಾನೆಲ್ ಮುಟ್ಟುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ, ಇನ್ನೂ 38 ಬಾಕಿ. ಸುತ್ತು ನಿಧಾನವಾಗುತ್ತದೆ, ಸೆಕೆಂಡಿಗೆ 20-25ಕ್ಕೆ ಇಳಿಯುತ್ತದೆ, ಕಣ್ಣಿಗೆ ಮಿಣುಕು ಕಾಣುತ್ತದೆ.

ಡಿಜಿಟಲ್‌ರೈಟ್ ಬಿಟ್ಟು ಪೋರ್ಟ್‌ಗೆ ನೇರವಾಗಿ ಬರೆದರೆ, ಬೈಟ್‌ಗಳನ್ನು ಚಿಪ್ ತಾನೇ ಬೇಗ ತಳ್ಳುವ ಎಸ್‌ಪಿಐ ಬಳಸಿದರೆ ಪರಿಸ್ಥಿತಿ ಸುಧಾರಿಸುತ್ತದೆ. ಆದರೂ 39 ಮೈಕ್ರೋಸೆಕೆಂಡ್ ಅಂದರೆ ಚಿಪ್‌ಗೆ 625 ಸೈಕಲ್ (ಕ್ಲಾಕ್‌ನ ಬಡಿತ) ಮಾತ್ರ. 48 ಚಾನೆಲ್‌ಗಳ ಬೆಳಕನ್ನು ಎಣಿಕೆಯೊಂದಿಗೆ ಹೋಲಿಸಲು ತಲಾ ಎಂಟು-ಹತ್ತು ಸೈಕಲ್ ಎಂದರೂ 400ರ ಮೇಲೆ ಹೋಯಿತು. ದೀಪ ಉರಿಸುವುದಷ್ಟೇ ಕೆಲಸವಾದರೆ ಸರಿ. ಬಣ್ಣ ಬದಲಿಸುವ ಲೆಕ್ಕ, ಬಟನ್, ರಿಮೋಟ್ ಎಲ್ಲ ಸೇರಿದರೆ ಚಿಪ್ ತೆವಳುತ್ತದೆ.

ಹಾಗಾದರೆ ದಾರಿ ಏನು?

ಬಿಟ್ ಆಂಗಲ್ ಮಾಡ್ಯುಲೇಷನ್. ಹೆಸರು ಭಾರ, ವಿಷಯ ಹಗುರ. ಇಡೀ ಪುಟದಲ್ಲಿ ಒಂದನ್ನೇ ಓದುವುದಾದರೆ ಈ ಉತ್ತರವನ್ನು ಓದಿ.

ಮಂಡಿಪೇಟೆಯ ಅಂಗಡಿಯೊಂದರಲ್ಲಿ 1, 2, 4, 8, 16, 32, 64, 128 ಗ್ರಾಂನ ಎಂಟೇ ಕಲ್ಲುಗಳಿವೆ ಎಂದುಕೊಳ್ಳಿ. 0ಯಿಂದ 255ರವರೆಗೆ ಯಾವ ತೂಕ ಬೇಕಾದರೂ ಈ ಎಂಟರಲ್ಲೇ ತೂಗಬಹುದು. ಬೆಳಕಿನ ಹೊತ್ತನ್ನೂ ಹೀಗೇ ತೂಗುತ್ತೇವೆ. ಒಂದು ಸುತ್ತನ್ನು 256 ಸಮ ತುಂಡು ಮಾಡುವ ಬದಲು ಎಂಟೇ ತುಂಡು ಮಾಡುತ್ತೇವೆ. ಮೊದಲ ತುಂಡು 40 ಮೈಕ್ರೋಸೆಕೆಂಡ್, ಎರಡನೆಯದು 80, ಮೂರನೆಯದು 160, ಹೀಗೆ ದುಪ್ಪಟ್ಟಾಗುತ್ತ ಎಂಟನೆಯದು 5,120. ಒಂದು ಎಲ್‌ಇಡಿಯ ಬೆಳಕಿನ ಸಂಖ್ಯೆ 170 ಎಂದರೆ 128, 32, 8, 2 ಸೇರಿದ್ದು. ಆ ನಾಲ್ಕು ತುಂಡುಗಳಲ್ಲಿ ಹಚ್ಚಿ, ಉಳಿದ ನಾಲ್ಕರಲ್ಲಿ ಆರಿಸಿ. ಮುಗಿಯಿತು.

ಒಟ್ಟು ಸುತ್ತು 255 ಸಲ 40, ಅಂದರೆ 10.2 ಮಿಲಿಸೆಕೆಂಡ್. ಸೆಕೆಂಡಿಗೆ 98 ಸುತ್ತು. ಹೊತ್ತಾಯಿತೆಂದು ಟೈಮರ್ ಮುಖ್ಯ ಪ್ರೋಗ್ರಾಮನ್ನು ತಡೆದು ಮಾಡಿಸುವ ಪುಟ್ಟ ಕೆಲಸಕ್ಕೆ ಇಂಟರಪ್ಟ್ ಎನ್ನುತ್ತಾರೆ. ಒಂದು ಸುತ್ತಿಗೆ ಇಂಟರಪ್ಟ್ ಎಂಟೇ. ಒಂದು ಇಂಟರಪ್ಟ್‌ನಲ್ಲಿ ಆರು ಬೈಟ್ ತಳ್ಳಲು 8 ಮೆಗಾಹರ್ಟ್ಜ್ ಎಸ್‌ಪಿಐನಲ್ಲಿ ಹೋಗುವುದು, ಬರುವುದು ಎಲ್ಲ ಸೇರಿ 12 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಎಂಟಕ್ಕೆ 96. ಹತ್ತು ಸಾವಿರದಲ್ಲಿ ತೊಂಬತ್ತಾರು, ನೂರಕ್ಕೆ ಒಂದು ಪಾಲು! ಮೇಲಿನ ವಿಧಾನದಲ್ಲಿ ಚಿಪ್‌ನ ಮುಕ್ಕಾಲು ಪಾಲು ಹೊತ್ತು ತಿಂದ ಕೆಲಸ ಇದು. ಹೋಲಿಸುವ ಕೆಲಸವೇ ಇಲ್ಲ. ಸಂಖ್ಯೆಯ ಬಿಟ್‌ಗಳೇ (ಬೈನರಿಯಲ್ಲಿ ಬರೆದಾಗ ಬರುವ 1, 0) ಹಚ್ಚು, ಆರಿಸು ಎಂಬ ಅಪ್ಪಣೆಗಳು.

ನಂಬಿಕೆ ಬರದಿದ್ದರೆ ಒಂದು ಕೆಂಪು ಎಲ್‌ಇಡಿಗೆ 170 ಕೊಟ್ಟು, ಕೋಣೆ ಕತ್ತಲು ಮಾಡಿ, ಉದ್ದ ತಂತಿಯ ತುದಿಯಲ್ಲಿ ಅದನ್ನು ಹಿಡಿದು ಕೈಯನ್ನು ಜೋರಾಗಿ ಬೀಸಿ. ಗಾಳಿಯಲ್ಲಿ ಕೆಂಪು ಗೆರೆಗಳು ಕಾಣುತ್ತವೆ: ಒಂದು ಉದ್ದ, ಆಮೇಲೆ ಖಾಲಿ, ಅದರ ಹಿಂದೆ ಕಾಲು ಭಾಗದಷ್ಟು ಉದ್ದದ ಇನ್ನೊಂದು, ಮತ್ತೆ ಖಾಲಿ, ಮತ್ತೊಂದು ಚುಕ್ಕೆ. ಸಂಖ್ಯೆಯನ್ನು ಗಾಳಿಯಲ್ಲೇ ಓದಬಹುದು. ಆಸಿಲೋಸ್ಕೋಪ್ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಇಂಟರಪ್ಟ್‌ನ ಒಳಗೆ ಏನೇನು ಬರೆಯಬೇಕು? ಯಾವ ಕ್ರಮದಲ್ಲಿ?

ಟೈಮರ್ 1 ಅನ್ನು ಸಿಟಿಸಿ ಮೋಡ್‌ನಲ್ಲಿಟ್ಟು (ಹೇಳಿದ ಸಂಖ್ಯೆ ಮುಟ್ಟಿದ ಕೂಡಲೇ ಸೊನ್ನೆಗೆ ಮರಳುವ ಮೋಡ್) ಪ್ರಿಸ್ಕೇಲರ್ 8 ಕೊಡಿ, ಅಂದರೆ ಕ್ಲಾಕ್‌ನ ಎಂಟು ಬಡಿತಕ್ಕೆ ಒಂದು ಎಣಿಕೆ. ಆಗ ಅದು ಮೈಕ್ರೋಸೆಕೆಂಡಿಗೆ ಎರಡು ಎಣಿಸುತ್ತದೆ. 40 ಮೈಕ್ರೋಸೆಕೆಂಡಿಗೆ 80 ಎಣಿಕೆ. ಸೊನ್ನೆಯಿಂದ ಎಣಿಸುವುದರಿಂದ ರಿಜಿಸ್ಟರ್‌ಗೆ 79 ಬರೆಯಬೇಕು, ಮುಂದಿನದಕ್ಕೆ 159, ಆಮೇಲೆ 319, ಕೊನೆಯದಕ್ಕೆ 10,239.

ಒಳಗಿನ ಕ್ರಮ ಮುಖ್ಯ. ಮೊದಲು ಲ್ಯಾಚ್ ಕೊಡಿ. ಈ ತುಂಡಿನ ಡೇಟಾ ಹಿಂದಿನ ಇಂಟರಪ್ಟ್‌ನಲ್ಲೇ ಒಳಗೆ ಸೇರಿ ಕಾಯುತ್ತಿರಬೇಕು. ಎರಡನೆಯದಾಗಿ ಈ ತುಂಡಿನ ಉದ್ದವನ್ನು ಟೈಮರ್‌ಗೆ ಬರೆಯಿರಿ. ಕೊನೆಗೆ ನಿಧಾನವಾಗಿ ಮುಂದಿನ ತುಂಡಿನ ಆರು ಬೈಟ್‌ಗಳನ್ನು ತಳ್ಳಿ. ಬಹಳ ಜನ ಮೊದಲು ಬೈಟ್ ತಳ್ಳಿ ಆಮೇಲೆ ಲ್ಯಾಚ್ ಕೊಡುತ್ತಾರೆ. ಅದೂ ನಡೆಯುತ್ತದೆ, ಆದರೆ ಇಂಟರಪ್ಟ್‌ನೊಳಗೆ ಒಂದು ಷರತ್ತು ಸೇರಿಸಿದ ತಕ್ಷಣ ಲ್ಯಾಚ್‌ನ ಹೊತ್ತು ಹಿಂದೆ ಮುಂದೆ ಆಗಿ ಕಡಿಮೆ ಬೆಳಕಿನಲ್ಲಿ ನಡುಕ ಶುರುವಾಗುತ್ತದೆ.

48 ಸಂಖ್ಯೆಗಳನ್ನು ತುಂಡಿಗೊಂದರಂತೆ ಎಂಟು ಪದರಗಳಾಗಿ ಬಿಡಿಸುವ ಕೆಲಸವನ್ನು ಇಂಟರಪ್ಟ್‌ನಲ್ಲಿ ಮಾಡಲೇಬೇಡಿ, ಮುಖ್ಯ ಲೂಪ್‌ನಲ್ಲಿ ಮಾಡಿ. ಒಂದು ಪದರಕ್ಕೆ 6 ಬೈಟ್, ಎಂಟಕ್ಕೆ 48. ಇಂಥ ಬಫರ್ (ಡೇಟಾ ಇಡುವ ಜಾಗ) ಎರಡು ಇಟ್ಟುಕೊಳ್ಳಿ: ಒಂದನ್ನು ಇಂಟರಪ್ಟ್ ತೋರಿಸುತ್ತಿರಲಿ, ಇನ್ನೊಂದಕ್ಕೆ ನೀವು ಬರೆಯುತ್ತಿರಿ. ಬರೆದಾದ ಮೇಲೆ ಒಂದು ಬಾವುಟ ಎತ್ತಿ. ಇಂಟರಪ್ಟ್ ಹೊಸ ಸುತ್ತು ಶುರು ಮಾಡುವಾಗ ಮಾತ್ರ ಅದನ್ನು ನೋಡಿ ಬಫರ್ ಅದಲು ಬದಲು ಮಾಡಲಿ. 2 ಕಿಲೋಬೈಟ್ ರ್‍ಯಾಮ್‌ನಲ್ಲಿ 96 ಬೈಟ್ ಏನೂ ಅಲ್ಲ.

ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ. ಮಿಲಿಸ್ ಎಣಿಕೆಗಾಗಿ (ಬೋರ್ಡ್ ಶುರುವಾಗಿ ಎಷ್ಟು ಮಿಲಿಸೆಕೆಂಡ್ ಆಯಿತು ಎಂಬ ಲೆಕ್ಕ) ಟೈಮರ್ 0 ಪ್ರತಿ 1.024 ಮಿಲಿಸೆಕೆಂಡಿಗೆ ತನ್ನದೊಂದು ಇಂಟರಪ್ಟ್ ತರುತ್ತದೆ. ಅದು ಒಳಗಿದ್ದಾಗ ನಮ್ಮದು ಕೆಲವು ಮೈಕ್ರೋಸೆಕೆಂಡ್ ಕಾಯಬೇಕು. ದೊಡ್ಡ ತುಂಡಿನಲ್ಲಿ ಇದು ಗೊತ್ತಾಗುವುದಿಲ್ಲ, 40ರ ತುಂಡಿನಲ್ಲಿ ಗೊತ್ತಾಗುತ್ತದೆ. ಬೆಳಕು 1 ಅಥವಾ 2ರಲ್ಲಿದ್ದಾಗ ದೀಪ ನಡುಗಿದರೆ ಟೈಮರ್ 0ರ ಇಂಟರಪ್ಟ್ ನಿಲ್ಲಿಸಿ ನೋಡಿ. ಸಮಯದ ಎಣಿಕೆಗೆ ನಿಮ್ಮ ಸುತ್ತುಗಳನ್ನೇ ಬಳಸಿಕೊಳ್ಳಬಹುದು.

ಬೆಳಕು ನಿಧಾನಕ್ಕೆ ಏರುವಾಗ ಸರಿಯಾಗಿ ನಡುವೆ ಒಮ್ಮೆ ಪಟ್ ಅಂತ ಕಣ್ಣು ಮಿಟುಕಿಸುತ್ತೆ. ತಂತಿ ಲೂಸಾ?

ತಂತಿ ಸರಿಯಾಗೇ ಇದೆ. 127 ಎಂದರೆ ಮೊದಲ ಏಳು ತುಂಡುಗಳಲ್ಲಿ ಉರಿದು ಕೊನೆಯ ದೊಡ್ಡ ತುಂಡಿನಲ್ಲಿ ಆರುವುದು. 128 ಎಂದರೆ ಮೊದಲ ಏಳರಲ್ಲಿ ಆರಿ, ಕೊನೆಯದರಲ್ಲಿ ಉರಿಯುವುದು. 127ರ ಸುತ್ತಿನ ಹಿಂದೆಯೇ 128ರ ಸುತ್ತು ಬಂದರೆ ನಡುವೆ ಒಂದು ಪೂರ್ತಿ ಸುತ್ತಿನಷ್ಟು ಹೊತ್ತು ಕತ್ತಲು. ಇಳಿಯುವಾಗ ಉಲ್ಟಾ, ಅಷ್ಟೇ ಹೊತ್ತು ಪೂರ್ತಿ ಬೆಳಕು. 63ರಿಂದ 64ಕ್ಕೂ ಇದೇ ಕಥೆ, ಪ್ರಮಾಣ ಕಡಿಮೆ.

ಮದ್ದು ಎರಡಿವೆ. ಸುತ್ತಿನ ವೇಗ ಹೆಚ್ಚಿಸಿ: ಚಿಕ್ಕ ತುಂಡನ್ನು 20 ಮೈಕ್ರೋಸೆಕೆಂಡ್ ಮಾಡಿದರೆ ಸೆಕೆಂಡಿಗೆ 196 ಸುತ್ತು ಬರುತ್ತದೆ, 12ರ ಇಂಟರಪ್ಟ್ ಅದರಲ್ಲೂ ಹಿಡಿಸುತ್ತದೆ. ಅಥವಾ 128ರ ತುಂಡನ್ನು 64ರ ಎರಡು ತುಂಡು ಮಾಡಿ, ಒಂದನ್ನು ಸುತ್ತಿನ ಮೊದಲಿಗೆ, ಇನ್ನೊಂದನ್ನು ಕೊನೆಗೆ ಇಡಿ. ಇಂಟರಪ್ಟ್ ಎಂಟರ ಬದಲು ಒಂಬತ್ತಾಗುತ್ತದೆ, ಕತ್ತಲಿನ ಅವಧಿ ಒಡೆದು ಹೋಗುತ್ತದೆ. ನಾನು ಎರಡನ್ನೂ ಒಟ್ಟಿಗೆ ಮಾಡುತ್ತೇನೆ.

595ಗೆ ನೇರವಾಗಿ ಎಲ್‌ಇಡಿ ಹಚ್ಚಬಹುದಾ?

ಮೇಜಿನ ಮೇಲಿನ ಪ್ರಯೋಗಕ್ಕೆ ಹಚ್ಚಿ. ಮಂಟಪಕ್ಕೆ ಬೇಡ. 74ಎಚ್‌ಸಿ595 ಚಿಪ್‌ಗೆ ಒಟ್ಟು 70 ಮಿಲಿಆಂಪ್‌ನ ಮಿತಿ ಇದೆ. ಎಂಟು ಔಟ್‌ಪುಟ್‌ಗೆ ಹಂಚಿದರೆ ತಲಾ 9 ಕೂಡ ಬರುವುದಿಲ್ಲ. ಅಷ್ಟೂ ಒಟ್ಟಿಗೆ 20ರಂತೆ ಎಳೆದರೆ ಚಿಪ್ ಬಿಸಿಯಾಗುತ್ತದೆ, ಮೊದಮೊದಲು ಸುಮ್ಮನಿರುತ್ತದೆ, ವಿಸರ್ಜನೆಯ ದಿನ ಕೈಕೊಡುತ್ತದೆ.

ಹೆಚ್ಚು ಕರೆಂಟ್ ಎಳೆಯುವ ಡ್ರೈವರ್ ಚಿಪ್ ನಡುವೆ ಬೇಕು. ಯುಎಲ್‌ಎನ್2803 ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ, ಆದರೆ ಅದು ತಾನೇ ಸುಮಾರು 1 ವೋಲ್ಟ್ ತಿನ್ನುತ್ತದೆ. 5 ವೋಲ್ಟ್ ಪೂರೈಕೆಯಲ್ಲಿ 3.2 ವೋಲ್ಟ್‌ನ ನೀಲಿ ಎಲ್‌ಇಡಿಗೆ ಉಳಿಯುವುದು ಇಕ್ಕಟ್ಟು. ಹನ್ನೆರಡು ವೋಲ್ಟ್‌ನ ಸರಗಳಾದರೆ ಅದೇ ಸಾಕು. 5 ವೋಲ್ಟ್‌ಗೆ ಟಿಪಿಐಸಿ6ಬಿ595 ವಾಸಿ: ಶಿಫ್ಟ್ ರಿಜಿಸ್ಟರ್ ಮತ್ತು ಡ್ರೈವರ್ ಎರಡೂ ಒಂದೇ ಚಿಪ್‌ನಲ್ಲಿವೆ, ಒಂದು ಔಟ್‌ಪುಟ್ 150 ಮಿಲಿಆಂಪ್ ಎಳೆಯುತ್ತದೆ, 20 ಮಿಲಿಆಂಪ್‌ನಲ್ಲಿ ತಿನ್ನುವುದು 0.1 ವೋಲ್ಟ್ ಅಷ್ಟೇ. ಇದು ನೆಲದ ಕಡೆಗೆ ಎಳೆಯುವ ಚಿಪ್ ಆದ್ದರಿಂದ ಕಾಮನ್ ಆನೋಡ್ (ಮೂರು ಬಣ್ಣಕ್ಕೂ ಪ್ಲಸ್ ಕಾಲು ಒಂದೇ ಇರುವ) ಎಲ್‌ಇಡಿಯನ್ನೇ ಕೊಳ್ಳಬೇಕು. ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗುವವರ ಕೈಯಲ್ಲಿ ತರಿಸಿ, ಇಲ್ಲವೇ ಆನ್‌ಲೈನ್‌ನಲ್ಲಿ. ಕಾಲುಗಳ ಜೋಡಣೆ 74ಎಚ್‌ಸಿ595ರಂತೆ ಇಲ್ಲ, ಡೇಟಾಶೀಟ್ ನೋಡಿ ಬೆಸುಗೆ ಹಾಕಿ.

ಮೂರು ಬಣ್ಣಕ್ಕೂ ಸೇರಿ ಒಂದೇ ರೆಸಿಸ್ಟರ್ ಹಾಕಿದರೆ?

ಬೇಡ. ಕೆಂಪು 2 ವೋಲ್ಟ್‌ಗೇ ಹತ್ತಿಕೊಂಡು ಉಳಿದೆರಡರ ಪಾಲನ್ನೂ ಎಳೆದುಕೊಳ್ಳುತ್ತದೆ. ಮೇಲಿನ ಚಿಪ್‌ನೊಂದಿಗೆ 20 ಮಿಲಿಆಂಪ್‌ಗೆ ಕೆಂಪಿಗೆ 150 ಓಮ್, ಹಸಿರು-ನೀಲಿಗೆ 82 ಅಥವಾ 100 ಓಮ್ ಸರಿಹೋಗುತ್ತದೆ. ಎಲ್ಲ 48 ಒಟ್ಟಿಗೆ ಉರಿದಾಗ 960 ಮಿಲಿಆಂಪ್. ಇದನ್ನು ಯುಎಸ್‌ಬಿಯಿಂದಾಗಲಿ ಊನೊದ 5 ವೋಲ್ಟ್ ಪಿನ್‌ನಿಂದಾಗಲಿ ತೆಗೆಯಬೇಡಿ. 5 ವೋಲ್ಟ್ 2 ಆಂಪ್‌ನ ಪ್ರತ್ಯೇಕ ಎಸ್‌ಎಂಪಿಎಸ್ (ಪವರ್ ಸಪ್ಲೈ) ಇಡಿ, ಅದರ ಗ್ರೌಂಡ್ ಮತ್ತು ಊನೊದ ಗ್ರೌಂಡ್ ಎರಡನ್ನೂ ಸೇರಿಸಿ. ಗ್ರೌಂಡ್ ಸೇರಿಸದೆ "ಕೋಡ್ ಸರಿ ಇಲ್ಲ" ಎಂದು ಬಂದವರ ಪಟ್ಟಿ ಉದ್ದವಿದೆ.

ಅರ್ಧ ಬೆಳಕು ಅಂತ 128 ಕೊಟ್ಟರೂ ಪೂರ್ತಿ ಬೆಳಕಿನ ಹಾಗೇ ಕಾಣುತ್ತೆ. ಯಾಕೆ?

ಎಲ್‌ಇಡಿ ಅರ್ಧ ಬೆಳಕನ್ನೇ ಕೊಡುತ್ತಿದೆ. ಕಣ್ಣು ಹಾಗೆ ಲೆಕ್ಕ ಹಾಕುವುದಿಲ್ಲ. ಕಡಿಮೆ ಬೆಳಕಿನಲ್ಲಿ ಅದು ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತದೆ, ಜಾಸ್ತಿ ಬೆಳಕಿನಲ್ಲಿ ದೊಡ್ಡ ವ್ಯತ್ಯಾಸವನ್ನೂ ಬಿಟ್ಟುಬಿಡುತ್ತದೆ. ಆದ್ದರಿಂದ ಸಂಖ್ಯೆಯನ್ನು ನೇರವಾಗಿ ಕೊಡದೆ ಗಾಮಾ ಕೋಷ್ಟಕದ (ಸಂಖ್ಯೆಯನ್ನು ಕಣ್ಣಿನ ಲೆಕ್ಕಕ್ಕೆ ಬದಲಿಸುವ ಪಟ್ಟಿ) ಮೂಲಕ ಕಳಿಸಬೇಕು. ಗಾಮಾ 2.2 ಇಟ್ಟರೆ 192ಕ್ಕೆ 137, 128ಕ್ಕೆ 56, 64ಕ್ಕೆ 12, 32ಕ್ಕೆ 3. ಈ 256 ಸಂಖ್ಯೆಗಳನ್ನು ಕಂಪ್ಯೂಟರ್‌ನಲ್ಲಿ ಮೊದಲೇ ಲೆಕ್ಕ ಹಾಕಿ ಫ್ಲ್ಯಾಶ್ ಮೆಮೊರಿಯಲ್ಲಿಡಿ, ಚಿಪ್‌ನಲ್ಲಿ ಘಾತದ ಲೆಕ್ಕ ಮಾಡಿಸಬೇಡಿ.

ಕೋಷ್ಟಕ ಹಾಕಿದ ಕೂಡಲೇ ಹೊಸ ತಕರಾರು ಬರುತ್ತದೆ: ಆರುವ ಹೊತ್ತಿಗೆ ಬೆಳಕು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ನಿಜ. 14ರವರೆಗಿನ ಎಲ್ಲ ಸಂಖ್ಯೆಗಳೂ ಸೊನ್ನೆಯಾಗಿಬಿಡುತ್ತವೆ, ಅದರ ಮೇಲೆ 1, 2, 3 ಎಂದು ದೊಡ್ಡ ದೊಡ್ಡ ಹೆಜ್ಜೆ. 1ರಿಂದ 2 ಎಂದರೆ ಬೆಳಕು ದುಪ್ಪಟ್ಟು! ಎಂಟು ಬಿಟ್ ಇಲ್ಲಿ ಸಾಲುವುದಿಲ್ಲ. ಹತ್ತು ಬಿಟ್‌ಗೆ ಹೋಗುವುದು ನಿಜವಾದ ಪರಿಹಾರ. ಚಿಕ್ಕ ತುಂಡು 10 ಮೈಕ್ರೋಸೆಕೆಂಡ್, ಸುತ್ತು 10.23 ಮಿಲಿಸೆಕೆಂಡ್, ಇಂಟರಪ್ಟ್ ಹತ್ತು. 12 ಮೈಕ್ರೋಸೆಕೆಂಡಿನ ಇಂಟರಪ್ಟ್ 10ರ ತುಂಡಿನಲ್ಲಿ ಹಿಡಿಸುವುದಿಲ್ಲವಾದ್ದರಿಂದ ಆ ಒಂದು ತುಂಡಿನಲ್ಲಿ ಮಾತ್ರ ಎಲ್ಲ ಔಟ್‌ಪುಟ್‌ಗಳನ್ನೂ ಒಟ್ಟಿಗೆ ಆರಿಸಬಲ್ಲ, ಶಿಫ್ಟ್ ರಿಜಿಸ್ಟರ್‌ನ ಔಟ್‌ಪುಟ್ ಎನೇಬಲ್ ಪಿನ್ ಬಳಸಿ: 10 ಮೈಕ್ರೋಸೆಕೆಂಡ್ ಹಚ್ಚಿ, ಉಳಿದ ಹೊತ್ತು ಎಲ್ಲವನ್ನೂ ಆರಿಸಿಡಿ. ಆ ಖಾಲಿ ಹೊತ್ತು ಕಣ್ಣಿಗೆ ಬೀಳುವುದಿಲ್ಲ.

ಇಷ್ಟೆಲ್ಲ ಬೇಡ ಎನ್ನುವವರು ಬೆಳಕನ್ನು ಪೂರ್ತಿ ಆರಿಸದೆ 3 ಅಥವಾ 4ರಲ್ಲೇ ನಿಲ್ಲಿಸಿ ಮೇಲಕ್ಕೆ ತಿರುಗಿಸಲಿ. ಮಂಟಪದ ಗದ್ದಲದಲ್ಲಿ ಯಾರೂ ಗಮನಿಸುವುದಿಲ್ಲ.

ರಾಜ್ಯೋತ್ಸವಕ್ಕೆ ಹಳದಿ-ಕೆಂಪು ಹಾಕೋಣ ಅಂದ್ರೆ ಹಳದಿ ಗಿಳಿಹಸಿರಾಗಿ ಬರ್ತದೆ.

ಕಂಪ್ಯೂಟರ್ ಪರದೆಯ ಮೇಲೆ ಹಳದಿ ಎಂದರೆ ಕೆಂಪು 255, ಹಸಿರು 255. ಎಲ್‌ಇಡಿಗೆ ಅದೇ ಕೊಟ್ಟರೆ ಹಸಿರು ಗೆಲ್ಲುತ್ತದೆ, ಯಾಕೆಂದರೆ ಒಂದೇ ಕರೆಂಟಿನಲ್ಲಿ ಹಸಿರು ಎಲ್‌ಇಡಿ ಕಣ್ಣಿಗೆ ಹೆಚ್ಚು ಪ್ರಖರ. ಗಾಮಾ ಆದ ಮೇಲಿನ ಸಂಖ್ಯೆಯಲ್ಲಿ ಕೆಂಪು 255ಕ್ಕೆ ಹಸಿರು 100-150ರ ಆಸುಪಾಸಿನಿಂದ ಶುರುಮಾಡಿ, ಅರಿಶಿನದ ಬಣ್ಣ ಬರುವವರೆಗೆ ಸರಿಸಿ. ಕೇಸರಿಗೆ ಇನ್ನೂ ಕಡಿಮೆ, 40-50. ಕುಂಕುಮದ ಕೆಂಪಿಗೆ ಬೇರೇನೂ ಬೇಡ. ಬಿಳಿಯೂ ಹೀಗೇ, ಮೂರನ್ನೂ ಸಮ ಕೊಟ್ಟರೆ ನೀಲಿ ಛಾಯೆ ಬರುತ್ತದೆ. ಮೂರು ಬಣ್ಣಗಳಿಗೂ ಒಂದೊಂದು ಗರಿಷ್ಠ ಮಿತಿ ಇಟ್ಟು ಎಲ್ಲ ಬಣ್ಣಗಳನ್ನೂ ಅದರಿಂದ ಗುಣಿಸಿ. ಆಮೇಲೆ ಒಂದೊಂದೇ ಬಣ್ಣ ತಿದ್ದುವ ಗೋಳಿಲ್ಲ.

ಸಂಖ್ಯೆಗಳನ್ನು ಹಗಲು ಮನೆಯೊಳಗೆ ಗೊತ್ತುಮಾಡಬೇಡಿ. ರಾತ್ರಿ, ಅದೇ ಬಟ್ಟೆ ಅಥವಾ ಥರ್ಮಾಕೋಲ್‌ನ ಮೇಲೆ ಬೆಳಕು ಬಿಟ್ಟು ನೋಡಿ. ಬೇಸಿಗೆಯ ಜಾತ್ರೆಯಾದರೆ ಇನ್ನೊಂದು ಮಾತು: ಬಿಸಿ ಏರಿದ ಹಾಗೆ ಮೂರರಲ್ಲಿ ಕೆಂಪೇ ಹೆಚ್ಚು ಮಂಕಾಗುತ್ತದೆ. ನಮ್ಮ ಏಪ್ರಿಲ್‌ನಲ್ಲಿ ಮುಚ್ಚಿದ ಡಬ್ಬಿಯೊಳಗಿನ ಹಳದಿ ಸಂಜೆಯಿಂದ ರಾತ್ರಿಗೆ ಹಸಿರಿನ ಕಡೆ ವಾಲುವುದು ಇದಕ್ಕೇ. ಡಬ್ಬಿಗೆ ಗಾಳಿಯಾಡಲು ತೂತು ಬಿಡಿ.

ಕಂದು ಬಣ್ಣ ಕೇಳುವವರೂ ಇದ್ದಾರೆ. ಕತ್ತಲಲ್ಲಿ ಉರಿಯುವ ದೀಪದಲ್ಲಿ ಕಂದು ಕಾಣುವುದಿಲ್ಲ, ಮಂಕು ಕಿತ್ತಳೆ ಕಾಣುತ್ತದೆ.

ಕಣ್ಣಿಗೆ ಚೆನ್ನಾಗಿದೆ, ಮೊಬೈಲ್ ವಿಡಿಯೊದಲ್ಲಿ ಪಟ್ಟೆ ಪಟ್ಟೆ ಬರುತ್ತೆ.

ಮೊಬೈಲ್ ಕ್ಯಾಮೆರಾ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಕೆಲವು ಸಾಲು ಓದುವಾಗ ದೀಪ ಉರಿಯುತ್ತಿರುತ್ತದೆ, ಕೆಲವಕ್ಕೆ ಆರಿರುತ್ತದೆ. ಸ್ಟೇಟಸ್‌ಗೆ ಹಾಕುವವರೇ ಜಾಸ್ತಿ ಇರುವ ಕಾಲದಲ್ಲಿ ಇದನ್ನು ತಳ್ಳಿಹಾಕುವಂತಿಲ್ಲ. ಚಿಕ್ಕ ತುಂಡನ್ನು 10 ಮೈಕ್ರೋಸೆಕೆಂಡ್ ಮಾಡಿ ಎಂಟು ಬಿಟ್‌ನಲ್ಲೇ ಉಳಿದರೆ ಸೆಕೆಂಡಿಗೆ 392 ಸುತ್ತು ಸಿಗುತ್ತದೆ, ಪಟ್ಟೆ ಬಹಳ ಮಟ್ಟಿಗೆ ಮಾಯ. ಮೇಲೆ ಹೇಳಿದ ಎನೇಬಲ್ ಪಿನ್‌ನ ಉಪಾಯ ಇಲ್ಲೂ ಬೇಕು. ವೇಗ ಬೇಕೋ ನುಣುಪು ಬೇಕೋ ಎಂಬುದನ್ನು ನೀವೇ ಆರಿಸಿ. ಊನೊದಲ್ಲಿ ಎರಡೂ ಸಿಗುವುದು ಕಷ್ಟ.

ಚಿತ್ರದುರ್ಗದ ಗಣಪತಿ ಮೆರವಣಿಗೆಯಂಥ ಕಡೆ ಟ್ರ್ಯಾಕ್ಟರ್ ಮೇಲೆ ದೀಪ ಕಟ್ಟುವವರಿಗೂ ವೇಗ ಮುಖ್ಯ. ನಿಧಾನ ಸುತ್ತಿದ್ದರೆ ದೀಪ ಅಲುಗಿದಾಗಲೆಲ್ಲ ಚುಕ್ಕೆಗಳ ಸಾಲು ಕಾಣುತ್ತದೆ.

ಮೊದಲ ಹತ್ತು ಎಲ್‌ಇಡಿ ಸರಿ, ಕೊನೆಯವು ಮನಸ್ಸಿಗೆ ಬಂದ ಬಣ್ಣ ತೋರಿಸುತ್ತವೆ.

ಕ್ಲಾಕ್ ತಂತಿ ಎಷ್ಟು ಉದ್ದವಿದೆ? ಮೂರು ಮೀಟರ್ ಸಾದಾ ತಂತಿಯಲ್ಲಿ 8 ಮೆಗಾಹರ್ಟ್ಜ್ ನಂಬಿಕೆಯಿಂದ ಓಡುವುದಿಲ್ಲ. ಒಂದು ಕ್ಲಾಕ್ ಎರಡಾಗಿ ಎಣಿಕೆಯಾದರೆ ಅಲ್ಲಿಂದ ಮುಂದಿನ ಬಿಟ್‌ಗಳೆಲ್ಲ ಒಂದು ಸ್ಥಾನ ಸರಿಯುತ್ತವೆ, ಕೆಂಪಿನ ಸಂಖ್ಯೆ ಹಸಿರಿಗೆ ಹೋಗುತ್ತದೆ. ಕ್ಲಾಕ್ ಅನ್ನು 2 ಮೆಗಾಹರ್ಟ್ಜ್‌ಗೆ ಇಳಿಸಿದರೆ ಆರು ಬೈಟ್‌ಗೆ 24 ಮೈಕ್ರೋಸೆಕೆಂಡ್, 40ರ ತುಂಡಿನಲ್ಲಿ ಹಿಡಿಸುತ್ತದೆ. 1 ಮೆಗಾಹರ್ಟ್ಜ್ ಆದರೆ 48 ಆಗಿ ಮೀರುತ್ತದೆ. ಪ್ರತಿ ಚಿಪ್‌ನ ಪವರ್ ಕಾಲಿಗೆ ತಾಗಿದಂತೆ 100 ನ್ಯಾನೊಫ್ಯಾರಡ್ ಕೆಪಾಸಿಟರ್ ಹಾಕಿ. ಇದು ಅಲಂಕಾರಕ್ಕಲ್ಲ.

ಆದರೆ ನನ್ನ ಆಯ್ಕೆ ಬೇರೆ. ಆರೂ ಚಿಪ್‌ಗಳನ್ನು ಊನೊದ ಪಕ್ಕದಲ್ಲೇ ಒಂದು ಡಬ್ಬಿಯಲ್ಲಿಡಿ, ಉದ್ದ ಹೋಗುವುದು ಎಲ್‌ಇಡಿಯ ತಂತಿಗಳಷ್ಟೇ ಆಗಲಿ. ತಂತಿ ಜಾಸ್ತಿ ಬೇಕು, ನಿಜ. ಕಮಾನಿನ ತುದಿಗೆ ಏಣಿ ಹಾಕಿ ಚಿಪ್ ಬದಲಿಸುವ ಪ್ರಸಂಗ ಮಾತ್ರ ಬರುವುದಿಲ್ಲ.

ಇದೇ ರೀತಿ ಎಷ್ಟು ಎಲ್‌ಇಡಿವರೆಗೆ ಹೋಗಬಹುದು?

ಲೆಕ್ಕದ ಪ್ರಕಾರ 40 ಮೈಕ್ರೋಸೆಕೆಂಡಿನಲ್ಲಿ 28 ಬೈಟ್ ತಳ್ಳಬಹುದು, ಅಂದರೆ 74 ಆರ್‌ಜಿಬಿ ಎಲ್‌ಇಡಿ. ನಾನು 32ರ ಆಚೆ ಹೋಗುವುದಿಲ್ಲ. ಚಿಪ್ ಸೋಲುವ ಮೊದಲು ಬೆಸುಗೆ ಹಾಕುವವನು ಸೋಲುತ್ತಾನೆ.

ಡಬ್ಲ್ಯೂಎಸ್2812 ಪಟ್ಟಿ ಸಿಗುವಾಗ ಈ ಒದ್ದಾಟ ಯಾಕೆ ಸಾರ್?

ನೂರಾರು ಎಲ್‌ಇಡಿ ಬೇಕಿದ್ದರೆ ಒದ್ದಾಡಬೇಡಿ, ಪಟ್ಟಿಯನ್ನೇ ತನ್ನಿ. ಅದರ ಪ್ರತಿ ಎಲ್‌ಇಡಿಯ ಹೊಟ್ಟೆಯಲ್ಲೂ ಒಂದು ಚಿಪ್ ಕೂತು ಡಿಮ್ ಮಾಡುತ್ತದೆ. ಒಂದು ಎಲ್‌ಇಡಿಗೆ 24 ಬಿಟ್, 30 ಮೈಕ್ರೋಸೆಕೆಂಡ್. 300ಕ್ಕೆ 9 ಮಿಲಿಸೆಕೆಂಡ್. ಕಳಿಸುತ್ತಿರುವಾಗ ಊನೊದಲ್ಲಿ ಇಂಟರಪ್ಟ್ ನಿಲ್ಲಿಸಬೇಕಾಗುವುದರಿಂದ ರಿಮೋಟ್‌ನ ಸಂಕೇತ ತಪ್ಪಿಹೋಗಬಹುದು, ಅಷ್ಟೇ ತೊಂದರೆ. ಬಣ್ಣಗಳ ಕ್ರಮ ಹಸಿರು, ಕೆಂಪು, ನೀಲಿ ಎಂಬುದನ್ನು ಮರೆತರೆ ಕುಂಕುಮ ಕೇಳಿದಲ್ಲಿ ಎಲೆಹಸಿರು ಬರುತ್ತದೆ.

ಕರೆಂಟ್ ಕಡೆ ನಿಗಾ ಇಡಿ. ಪೂರ್ತಿ ಬಿಳಿಯಲ್ಲಿ ಒಂದಕ್ಕೆ ಸುಮಾರು 60 ಮಿಲಿಆಂಪ್, 300ಕ್ಕೆ 18 ಆಂಪ್. ಒಂದೇ ತುದಿಯಿಂದ ಕೊಟ್ಟರೆ ಆ ತುದಿಗೆ ಬೆಳ್ಳಗೆ, ಈ ತುದಿಗೆ ಕೆಂಪಗೆ ಕಾಣುತ್ತದೆ. ಎರಡೂ ತುದಿಗೆ, ಉದ್ದವಿದ್ದರೆ ನಡುವೆಯೂ ಪವರ್ ಕೊಡಿ. ಊನೊ ಬದಲು ಇಎಸ್‌ಪಿ32 ಬೋರ್ಡ್‌ನಿಂದ ಓಡಿಸುವವರು ನೆನಪಿಡಿ: ಅದರ ಡೇಟಾ 3.3 ವೋಲ್ಟ್, 5 ವೋಲ್ಟ್ ಪಟ್ಟಿಗೆ ಬೇಕಾದದ್ದು 3.5. ಮೇಜಿನ ಮೇಲೆ ನಡೆದದ್ದು ಮಂಟಪದಲ್ಲಿ ನಡೆಯದಿರುವುದು ಇದಕ್ಕೇ. ನಡುವೆ ಒಂದು ಲೆವೆಲ್ ಶಿಫ್ಟರ್ (ಡೇಟಾದ ವೋಲ್ಟೇಜ್ ಏರಿಸುವ ಚಿಪ್) ಹಾಕಿ.

ಹಾಗಾದರೆ ಮೇಲೆ ಬರೆದದ್ದೆಲ್ಲ ಯಾರಿಗೆ? ಮನೆಯಲ್ಲಿ ಸಾದಾ ಎಲ್‌ಇಡಿ ರಾಶಿ ಬಿದ್ದಿರುವವರಿಗೆ, 12 ವೋಲ್ಟ್‌ನ ಬಣ್ಣದ ಸರಗಳನ್ನೋ ದೊಡ್ಡ ಫ್ಲಡ್ ಎಲ್‌ಇಡಿಗಳನ್ನೋ ಬೇರೆ ಬೇರೆಯಾಗಿ ಡಿಮ್ ಮಾಡಬೇಕಾದವರಿಗೆ, ಒಂದು ಎಲ್‌ಇಡಿ ಸತ್ತರೆ ಉಳಿದ ಸಾಲೆಲ್ಲ ಆರಬಾರದು ಎನ್ನುವವರಿಗೆ. ಪ್ರೋಗ್ರಾಮ್‌ನ ತಲೆನೋವೇ ಬೇಡ ಎಂದರೆ ಪಿಸಿಎ9685 ಚಿಪ್ ಇದೆ, 16 ಚಾನೆಲ್, 12 ಬಿಟ್, ಎರಡೇ ತಂತಿಯ ಸಂಪರ್ಕ. 48 ಚಾನೆಲ್‌ಗೆ ಮೂರು ಬೇಕು.

ಇದನ್ನೇ 230 ವೋಲ್ಟ್‌ನ ಸೀರಿಯಲ್ ಸೆಟ್‌ಗೆ ಹಚ್ಚಬಹುದಾ?

ಕೂಡದು. ಅದರ ಡಿಮ್ಮಿಂಗ್ ವಿಧಾನವೇ ಬೇರೆ, ಜೀವಕ್ಕೆ ಅಪಾಯ. ಕಬ್ಬಿಣದ ಕಮಾನು, ಒದ್ದೆ ನೆಲ, ಸುತ್ತ ಮಕ್ಕಳು ಇರುವ ಕಡೆ ಮನುಷ್ಯರ ಕೈಗೆಟಕುವ ಎತ್ತರದಲ್ಲಿ 5 ಅಥವಾ 12 ವೋಲ್ಟ್ ಬಿಟ್ಟು ಬೇರೇನೂ ಇರಬಾರದು. ಎಸ್‌ಎಂಪಿಎಸ್ ಅನ್ನು ನೆಲದಿಂದ ಮೇಲೆ, ಮಳೆ ಬೀಳದ ಡಬ್ಬಿಯಲ್ಲಿಡಿ, ಹಿಂದೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿತಗೊಳಿಸುವ ಸ್ವಿಚ್) ಇರಲಿ. ವಿದ್ಯುತ್ ಸಂಪರ್ಕವನ್ನು ಲೈಸೆನ್ಸ್ ಇರುವವರ ಕೈಯಲ್ಲೇ ಮಾಡಿಸಿ.

ಮಂಟಪದ ಹುಡುಗರು ದಿನಾ ಬಂದು "ಇನ್ನೂ ಸ್ಪೀಡ್ ಮಾಡಣ್ಣ" ಅಂತಾರೆ. ಪ್ರತಿ ಸಲ ಲ್ಯಾಪ್‌ಟಾಪ್ ತರಬೇಕಾ?

ಹತ್ತು ಕಿಲೋಓಮ್‌ನ ಒಂದು ಪೊಟೆನ್ಶಿಯೋಮೀಟರನ್ನು ಎ0 ಪಿನ್‌ಗೆ ಹಚ್ಚಿ, ಮುಖ್ಯ ಲೂಪ್‌ನಲ್ಲಿ ಓದಿ, ಬಣ್ಣದ ಹೆಜ್ಜೆಯ ಗಾತ್ರವನ್ನು ಅದರಿಂದ ನಿರ್ಧರಿಸಿ. ಹೆಜ್ಜೆಯನ್ನು ಡಿಲೇ ಹಾಕಿ ನಿಧಾನ ಮಾಡಬೇಡಿ, ಮುಗಿದ ಸುತ್ತುಗಳನ್ನು ಎಣಿಸಿ ಮಾಡಿ. ಎರಡನೆಯದೊಂದು ಪೊಟೆನ್ಶಿಯೋಮೀಟರ್ ಎ1ಕ್ಕೆ, ಅದು ಒಟ್ಟು ಬೆಳಕಿಗೆ. ಮೊದಲನೆಯದನ್ನು ಹುಡುಗರ ಕೈಗೆ ಸಿಗುವಂತೆ ಡಬ್ಬಿಯ ಹೊರಗಿಡಿ, ಎರಡನೆಯದು ಒಳಗಿರಲಿ.